ನಂಜನಗೂಡಿನಲ್ಲಿ ಸತ್ತವನು

ನಮ್ಮ ಮನೆಯವರಿಗೆ ಸಿನಿಮಾ ಎಂದರೆ ಅಷ್ಟಕ್ಕಷ್ಟೆ. ನೀರಾವರಿ ಇಲಾಖೆಯಲ್ಲಿ ಎಂಜಿನಿಯರ್ ಆಗಿದ್ದು ನಿವೃತ್ತರಾಗಿದ್ದರು. ಕಾಲುವೆ, ತೂಬು, ಗೇಟುಗಳ ಮಾತು ಬಂದರೆ ಕೈಯಲ್ಲಿದ್ದ ಕಾಫಿ ಆರಿಹೋದರೂ ಗಮನವಿರುತ್ತಿರಲಿಲ್ಲ. ಸಿನಿಮಾ ಮಾತು ಬಂದರೆ ಮಾತ್ರ ‘ಎಲ್ಲಾ ಸುಳ್ಳಿನ ಕಂತೆ’ ಎಂದು ಪೇಪರ್ ಮಡಚಿ ಎದ್ದುಬಿಡುವರು. ಸುಳ್ಳು ಅವರ ಮೈಗೆ ಒಗ್ಗದ ಪದಾರ್ಥ, ಕೆಲವರಿಗೆ ಬದನೆಕಾಯಿ ಒಗ್ಗದ ಹಾಗೆ.

ನಾನು ಸಿನಿಮಾ ಹುಚ್ಚಿನವಳು. ಅದಕ್ಕೆ ನಮ್ಮ ಕಾನ್ವೆಂಟೇ ಕಾರಣ. ಮೈಸೂರಿನಲ್ಲಿ ಬೋರ್ಡಿಂಗಿನಲ್ಲಿದ್ದಾಗ ಸಿಸ್ಟರ್ ಒಬ್ಬರು ಆಗೀಗ ನಮ್ಮನ್ನು ಸಾಲಾಗಿ ನಡೆಸಿಕೊಂಡು ಹೋಗಿ ಇಂಗ್ಲಿಷ್ ಪಿಕ್ಚರ್ ತೋರಿಸುತ್ತಿದ್ದರು. ಯಾವುದೋ ಸಂತರ ಕಥೆ ಎಂದು ಕರೆದುಕೊಂಡು ಹೋದ ಒಂದು ಮಧ್ಯಾಹ್ನ ಥಿಯೇಟರಿನವರು ಗ್ಯಾಂಗ್‌ಸ್ಟರ್ ಪಿಕ್ಚರ್ ಹಾಕಿಬಿಟ್ಟರು. ಹ್ಯಾಟು, ಸಿಗರೇಟಿನ ಹೊಗೆ, ಮಳೆಯಲ್ಲಿ ಹೊಳೆಯುವ ಕರೀ ಕಾರು. ನಾವೆಲ್ಲ ಸಿಸ್ಟರ್ ಮುಖ ನೋಡಿದೆವು. ಅವರು ಏಳಲಿಲ್ಲ. ಕೊನೆಗೆ ಆ ಗ್ಯಾಂಗ್‌ಸ್ಟರು ಮೆಟ್ಟಿಲ ಮೇಲೆ ಬಿದ್ದು ಸಾಯುವವರೆಗೂ ಕೂತಿದ್ದು, ಹೊರಗೆ ಬಂದ ಮೇಲೆ, ‘ಗರ್ಲ್ಸ್, ವಿ ಶಲ್ ಪ್ರೇ ಫಾರ್ ಹಿಮ್’ ಎಂದರು. ಆ ರಾತ್ರಿ ಮೊಣಕಾಲೂರಿ, ಇದ್ದೂ ಇಲ್ಲದ ಒಬ್ಬ ಕೊಲೆಗಾರನ ಆತ್ಮಕ್ಕೆ ನಾವು ಶಾಂತಿ ಕೋರಿದ್ದೆವು. ವಿಭೂತಿ ಹಚ್ಚುವ ಮನೆಯಿಂದ ಹೋದವಳು ನಾನು, ನಾನೂ ಕೋರಿದ್ದೆ.

ಇದನ್ನೆಲ್ಲ ಈಗ ಬರೆಯುವುದಕ್ಕೆ ಕಾರಣ ಇನ್ನೊಂದು ಸಿನಿಮಾ. ಅದು ಕನ್ನಡದ್ದೇ. ತೊಂಬತ್ತರ ದಶಕ ಮುಗಿಯುತ್ತ ಬಂದ ಕಾಲದಲ್ಲಿ ನಂಜನಗೂಡಿಗೆ ಬಂತು. ಅದರಿಂದ ನನ್ನ ಮಗಳ ಮದುವೆ ನಿಂತೇಹೋಗುವುದರಲ್ಲಿತ್ತು.

ಪೋಸ್ಟರಿನಲ್ಲಿ ಹೀರೋನ ಅರ್ಧ ಮುಖಕ್ಕೆ ಮಾತ್ರ ಬೆಳಕು. ಬಿಳೀ ಅಂಗಿ, ಕೈಯಲ್ಲಿ ಇಸ್ತ್ರಿಪೆಟ್ಟಿಗೆ. ಕೊಲೆಗಾರನ ಪೋಸ್ಟರಿನಲ್ಲಿ ಇಸ್ತ್ರಿಪೆಟ್ಟಿಗೆ ಏಕೆ ಎಂದು ನನಗೆ ಕುತೂಹಲ. ಒಬ್ಬಳೇ ಹೋಗಿ ನೋಡಿ ಬರುತ್ತೇನೆ ಎಂದೆ. ‘ಆ ಪುಂಡರ ಮಧ್ಯೆ ಒಬ್ಬಳೇ ಯಾಕೆ’ ಎಂದು ನಮ್ಮವರು ಛತ್ರಿ ಹಿಡಿದು ಜೊತೆಗೆ ಹೊರಟರು. ಮೂರು ಗಂಟೆಯೂ ಗೊಣಗಿದರು.

ಕಥೆ ದೊಡ್ಡದಲ್ಲ. ಹಳ್ಳಿಯಿಂದ ಸಿಟಿಗೆ ಹೋದ ಹುಡುಗ, ದುಡ್ಡಿಗೆ ಕೊಲೆ ಮಾಡುವವನಾಗುತ್ತಾನೆ. ಊರಿನಲ್ಲಿರುವ ತಾಯಿಗೆ ತಾನು ಬಟ್ಟೆ ಅಂಗಡಿಯಲ್ಲಿದ್ದೇನೆ ಎಂದು ಹೇಳಿರುತ್ತಾನೆ. ಒಂದೊಂದು ಕೊಲೆಗೆ ಹೊರಡುವ ಮುಂಚೆಯೂ ಬಿಳೀ ಅಂಗಿಯನ್ನು ತಾನೇ ಇಸ್ತ್ರಿ ಮಾಡಿಕೊಳ್ಳುತ್ತಾನೆ, ಕಾಲರು, ತೋಳು, ಬಟನ್ ಪಟ್ಟಿ, ಎಲ್ಲ ನಿಧಾನವಾಗಿ. ಹಿನ್ನೆಲೆಯಲ್ಲಿ ಬರೀ ಕೊಳಲು. ಆಮೇಲೆ ರಕ್ತ. ಐ ಮಸ್ಟ್ ಸೇ, ಅಷ್ಟು ಚೆಂದದ ಬೆಳಕನ್ನು ನಾನು ಕನ್ನಡ ಪಿಕ್ಚರಿನಲ್ಲಿ ಅಲ್ಲಿಯವರೆಗೆ ನೋಡಿರಲಿಲ್ಲ. ಅಷ್ಟು ರಕ್ತವನ್ನೂ ನೋಡಿರಲಿಲ್ಲ.

ಕೊನೆಯಲ್ಲಿ ಅವನಿಗೆ ಸಾಕಾಗುತ್ತದೆ. ಚಾಕುವನ್ನು ಹೊಳೆಗೆ ಎಸೆದು ಬೆಳಗಿನ ಜಾವ ತಾಯಿಯ ಹತ್ತಿರ ಬರುತ್ತಾನೆ. ತಾಯಿ ಏನನ್ನೂ ಕೇಳುವುದಿಲ್ಲ, ‘ತಿಂದ್ಯಾ ಮಗ?’ ಎಂದಷ್ಟೇ ಕೇಳುತ್ತಾಳೆ. ಇಬ್ಬರೂ ಒಂದು ಚೀಲ ಹಿಡಿದು ಬಸ್ಸು ಹತ್ತುತ್ತಾರೆ. ಬಸ್ಸು ಸೇತುವೆ ದಾಟುತ್ತದೆ, ಅವನು ಚಿಕ್ಕ ಮಗುವಿನ ಹಾಗೆ ತಾಯಿಯ ಭುಜಕ್ಕೆ ತಲೆಯಿಟ್ಟು ನಿದ್ದೆಹೋಗುತ್ತಾನೆ. ಸದ್ಯ, ಬದುಕಿಕೊಂಡ ಎನ್ನುವಷ್ಟರಲ್ಲಿ ಮುಂದಿನ ಸ್ಟಾಪಿನಲ್ಲಿ ನಾಲ್ಕು ಜನ ಹತ್ತುತ್ತಾರೆ. ಆಮೇಲಿನ ಹತ್ತು ನಿಮಿಷ ನೋಡಲಾಗುವುದಿಲ್ಲ. ಬಸ್ಸಿನ ಮೆಟ್ಟಿಲ ಮೇಲೆ ಸಾಯುತ್ತಾನೆ. ಮೊದಲ ಸಲ ಆ ಬಿಳೀ ಅಂಗಿ ಅವನದೇ ರಕ್ತದಲ್ಲಿ ನೆನೆಯುತ್ತದೆ. ತಾಯಿ ಆ ಕಾಲರನ್ನು ನೆಟ್ಟಗೆ ಮಾಡುತ್ತಾಳೆ.

ದೀಪ ಹತ್ತಿದಾಗ ನಮ್ಮವರು ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸುತ್ತಿದ್ದರು.

‘ಏನ್ರೀ?’ ಎಂದೆ.

‘ಫ್ಯಾನಿಲ್ಲ, ಏನಿಲ್ಲ. ಬೆವರು’ ಎಂದರು.  ಮನೆಗೆ ಬಂದು ಬಾಗಿಲ ಬೀಗ ತೆಗೆಯುವಾಗ, ‘ಇಂಥಾ ಸಿನಿಮಾಗಳನ್ನ ಬ್ಯಾನ್ ಮಾಡ್ಬೇಕು’ ಎಂದರು.

ನಂಜನಗೂಡು ಎರಡು ಪಾಲಾಯಿತು. ಕಾಫಿಪುಡಿ ಅಂಗಡಿಯಲ್ಲಿ ಒಬ್ಬರು, ‘ಇದು ನಮ್ಮ ಮಕ್ಕಳನ್ನ ಹಾಳ್ಮಾಡೋಕೆ ತೆಗ್ದಿರೋದು’ ಎಂದರೆ ಪಕ್ಕದವರು, ‘ನಿಮ್ಮ ಮಗ ಇಸ್ತ್ರಿಪೆಟ್ಟಿಗೆ ಮುಟ್ಟಿದ್ರೆ ಅಷ್ಟೇ ಸಾಕು ಬಿಡಿ’ ಎನ್ನುವರು. ಹುಡುಗರೆಲ್ಲ ಬಿಳೀ ಅಂಗಿಗೆ ಬಿದ್ದರು. ಎದುರು ಮನೆಯಾಕೆಯದು ಒಂದೇ ಪ್ರಶ್ನೆ: ‘ಸ್ಟೈಲು ಗೀಲು ಎಲ್ಲಾ ಸರಿ ಕಣ್ರೀ, ಆ ರಕ್ತದ ಕಲೆ ತೊಳ್ಯೋರು ಯಾರು?’ ನನ್ನ ಮಟ್ಟಿಗೆ ಅದೊಂದು ಟ್ರ್ಯಾಜಿಡಿ. ಹಾಗೆಂದು ಹೇಳಿದ್ದಕ್ಕೆ ನಮ್ಮವರು, ‘ಕಟುಕರ ಅಂಗಡೀಲಿ ಟ್ಯೂಬ್‌ಲೈಟ್ ಹಾಕಿದ್ರೆ ಅದು ಟ್ರ್ಯಾಜಿಡಿ ಆಗುತ್ತಾ?’ ಎಂದರು. ಹೆಂಗಸರು ಹೋಗುವುದು ನಿಂತಿತು. ಎರಡನೇ ವಾರಕ್ಕೆ ರೀಲಿನ ಡಬ್ಬಗಳನ್ನು ಬಸ್ಸಿನ ಮೇಲೆ ಹಾಕಿ ನರಸೀಪುರಕ್ಕೆ ಕಳಿಸಿದರು. ಕಬಿನಿಯೂ ಇಲ್ಲಿಂದ ಅಲ್ಲಿಗೇ ಹರಿಯುವುದು, ಸಿನಿಮಾ ಡಬ್ಬಗಳೂ ಇಲ್ಲಿ ಮುಗಿದ ಮೇಲೆ ಅಲ್ಲಿಗೇ ಹೋಗುತ್ತಿದ್ದವು.

ಆ ನರಸೀಪುರದಿಂದಲೇ ಸಂಬಂಧ ಬಂತು. ತಂದವಳು ಕವಲಂದೆಯಲ್ಲಿರುವ ನನ್ನ ನಾದಿನಿ. ಹುಡುಗ ದನದ ಡಾಕ್ಟರು, ತಂದೆ ಇಲ್ಲ, ತಾಯಿಯೇ ಬೆಳೆಸಿ ಓದಿಸಿದ್ದು. ನನ್ನ ಮಗಳು ಆಗ ನಂಜನಗೂಡಿನಲ್ಲೇ ಹೈಸ್ಕೂಲ್ ಟೀಚರ್. ಬಂದ ಗಂಡುಗಳನ್ನೆಲ್ಲ ಏನೋ ಒಂದು ಹೇಳಿ ಬೇಡ ಎನ್ನುತ್ತಿದ್ದಳು. ಒಬ್ಬ ಮೂಗಿನಲ್ಲಿ ನಗುತ್ತಾನೆ ಎಂದು, ಇನ್ನೊಬ್ಬ ತನ್ನ ಸಂಬಳವನ್ನು ತಾನೇ ಎರಡು ಸಲ ಹೇಳಿದ ಎಂದು.

ಹುಡುಗ, ತಾಯಿ ಇಬ್ಬರೇ ಬಂದರು. ಅವಲಕ್ಕಿ, ರಸಬಾಳೆ, ಕಾಫಿ ಆಯಿತು. ಹುಡುಗ ಮೃದು ಮಾತಿನವನು. ಅವನು ಬಾಳೆಹಣ್ಣಿನ ಸಿಪ್ಪೆಯನ್ನು ಎಲ್ಲಿಡುವುದೆಂದು ಗೊತ್ತಾಗದೆ ಕೈಯಲ್ಲೇ ಹಿಡಿದು ಕೂತಿದ್ದನ್ನು ನನ್ನ ಮಗಳು ನೋಡಿ, ತಟ್ಟೆ ಮುಂದೆ ಮಾಡಿದಳು. ಒಳಗೆ ಬಂದು ಲೋಟ ತೊಳೆಯುತ್ತಾ, ‘ಇರ್ಲಿ ಅಮ್ಮ’ ಎಂದಳು. ಅವಳ ಬಾಯಲ್ಲಿ ‘ಇರ್ಲಿ’ ಎಂದರೆ ಬೇರೆಯವರು ತೇರು ಎಳೆದಷ್ಟು ಸಂಭ್ರಮ.

ನಮ್ಮವರಿಗೂ ಹಿಡಿಸಿತ್ತು. ಎಮ್ಮೆಯ ಕಾಲುಬಾಯಿ ರೋಗದ ಬಗ್ಗೆ ಇಬ್ಬರೂ ಬಹಳ ಹೊತ್ತು ಮಾತಾಡಿದರು. ಎಲ್ಲಾ ಮುಗಿದು ಹೊರಡುವ ಹೊತ್ತಿಗೆ, ಮಾತಿಗೆ ಮಾತು ಬಂದು, ‘ನಿಮ್ಮೂರಲ್ಲಿ ಈಗ ಆ ಇಸ್ತ್ರಿಪೆಟ್ಟಿಗೆ ಸಿನಿಮಾ ಅಂತೆ’ ಎಂದರು ನಮ್ಮವರು.

‘ಹೌದು ಸಾರ್. ಎರಡು ಸಲ ನೋಡಿದೆ’ ಎಂದ ಹುಡುಗ.

‘ಎರಡು ಸಲ?’

‘ಹೊಡೆದಾಟ ಬಂದಾಗ ತಲೆ ಬಗ್ಗಿಸ್ಕೊಂಡು ಕೂತಿದ್ದೆ ಸಾರ್. ಕೊನೆಗೋಸ್ಕರ ನೋಡಿದ್ದು. ಬಸ್ಸು ಸೇತುವೆ ದಾಟುತ್ತಲ್ಲ, ತಾಯಿ ಭುಜದ ಮೇಲೆ ಮಲಕ್ಕೊಳ್ತಾನೆ. ಬದುಕ್ಕೊಂಡ ಅನ್ನಿಸ್ತು. ಹೊರಗೆ ಬರೋವಾಗ ಮನಸ್ಸು ಹಗುರ ಆಗಿತ್ತು.’

ನಮ್ಮವರು ‘ಹೌದಾ’ ಎಂದರು. ಆ ‘ಹೌದಾ’ ನನಗೆ ಗೊತ್ತು. ಕಂಟ್ರಾಕ್ಟರು ಸಿಮೆಂಟು ಸರಿಯಾಗೇ ಹಾಕಿದ್ದೀನಿ ಸಾರ್ ಎಂದಾಗ ಬರುತ್ತಿದ್ದ ‘ಹೌದಾ’ ಅದು.

ತಾಯಿ ಮಗ ಬಸ್ಸು ಹತ್ತುವುದೇ ತಡ, ನಮ್ಮವರು ‘ಈ ಸಂಬಂಧ ಬೇಡ’ ಎಂದರು.

‘ಯಾಕ್ರೀ? ಆ ಸಿನಿಮಾ ನೋಡ್ದ ಅಂತಲಾ?’

‘ನೋಡಿಲ್ಲ, ಅದಕ್ಕೇ. ನೋಡಿದ್ರೆ ಬದುಕ್ಕೊಂಡ ಅಂತಿದ್ನಾ? ನನ್ನ ಕಣ್ಮುಂದೆ ಸತ್ತ ಅವನು. ಇವನು ಯಾರ ಹತ್ರಾನೋ ಅರ್ಧ ಕಥೆ ಕೇಳ್ಕೊಂಡು ಬಂದು ಎರಡು ಸಲ ನೋಡಿದೆ ಅಂತಾನೆ. ಇಷ್ಟು ಸಣ್ಣ ವಿಷಯಕ್ಕೆ ಸುಳ್ಳು ಹೇಳೋನು ದೊಡ್ಡದಕ್ಕೆ ಹೇಳದೇ ಇರ್ತಾನಾ?’

‘ಬಸ್ಸಿಗೆ ಹೊತ್ತಾಯ್ತು ಅಂತ ಮಧ್ಯೆ ಎದ್ದು ಬಂದಿರ್ಬಹುದು.’

‘ಎರಡು ಸಲಾನೂ? ಅವನದು ಅದೇ ಊರು, ಯಾವ ಬಸ್ಸು?’

 ಆ ಸಿನಿಮಾವನ್ನು ಅಷ್ಟು ಬೈದ ಮನುಷ್ಯ, ಅದರ ಸಾವಿಗೆ ಹೀಗೆ ಸಾಕ್ಷಿ ನಿಂತರಲ್ಲ ಎಂದು ನಗುವೂ ಬಂತು, ನಗುವ ಹಾಗಿರಲಿಲ್ಲ. ಮಗಳು ಬಾಗಿಲ ಹತ್ತಿರ ನಿಂತು ಎಲ್ಲಾ ಕೇಳಿದಳು. ‘ಸುಳ್ಳು ಹೇಳೋರು ಸಿಪ್ಪೆ ಹಿಡ್ಕೊಂಡು ಕೂರಲ್ಲ ಅಪ್ಪ’ ಎಂದಳು. ಅವಳ ಪರೀಕ್ಷೆ ಅವಳದು. ಆಮೇಲೆ ಆ ವಿಷಯ ಎತ್ತಲಿಲ್ಲ. ಆದರೆ ಸ್ಕೂಲಿನಿಂದ ಬಂದವಳು ಹಾಡಿಕೊಳ್ಳುತ್ತಾ ಸೀರೆ ಮಡಚುವುದು ಅಭ್ಯಾಸ. ಆ ವಾರ ಸೀರೆ ಕುರ್ಚಿಯ ಮೇಲೇ ಬೀಳುತ್ತಿತ್ತು.

ನಮ್ಮವರು ಕವಲಂದೆಗೆ ಫೋನು ಮಾಡಿ, ಸಾಲಾವಳಿ ಕೂಡಲಿಲ್ಲ ಎಂದು ಹೇಳಿಬಿಡು ಎಂದರು ತಂಗಿಗೆ.

‘ಜಾತಕ ತೋರ್ಸಿದ್ರಾ ಅಣ್ಣ?’ ಎಂದಳಂತೆ ಅವಳು.

‘ತೋರ್ಸಿಲ್ಲ. ಹಾಗಂತ ಹೇಳು ಅಷ್ಟೆ.’

ನಾದಿನಿ ಜಾಣೆ. ಹೇಳುತ್ತೇನೆ ಎಂದು ಫೋನಿಟ್ಟು, ಅಲ್ಲಿಗೆ ಹೇಳದೆ ನನಗೆ ಹೇಳಿದಳು. ‘ಅತ್ತಿಗೆ, ಒಂದು ವಾರ ನಾನು ತಡೀತೀನಿ. ಅಷ್ಟರೊಳಗೆ ಏನಾದ್ರೂ ಮಾಡಿ. ಆ ಹುಡುಗ ಅಂಥವನಲ್ಲ’ ಎಂದಳು.

ಏನು ಮಾಡುವುದು? ಹುಡುಗಿಯ ತಾಯಿ ತಾನಾಗಿ ಗಂಡಿನ ಮನೆ ಬಾಗಿಲಿಗೆ ಹೋಗುವುದು ನಮ್ಮಲ್ಲಿ ಚೆಂದವಲ್ಲ. ನರಸೀಪುರದ ಸಂಗಮದ ದೇವಸ್ಥಾನಕ್ಕೆ ಹೋಗಿ ಬರುತ್ತೇನೆ ಎಂದು ಹೇಳಿ ಹೊರಟೆ. ದೇವಸ್ಥಾನಕ್ಕೂ ಹೋದೆ, ಅದು ಬೇರೆ.

ಬಸ್ಸಿನಲ್ಲೇ ನನಗೆ ಏನೋ ವಿಚಿತ್ರ ಅನ್ನಿಸಿತು. ಮಧ್ಯೆ ಹತ್ತಿದ ಇಬ್ಬರು ಹೆಂಗಸರು, ಒಬ್ಬಳ ಸೊಂಟದಲ್ಲಿ ಮಗು, ಕಂಡಕ್ಟರನ್ನು, ‘ಮ್ಯಾಟ್ನಿಗೆ ಸಿಕ್ಕೀತಾ ಅಣ್ಣ?’ ಎಂದು ಕೇಳುತ್ತಿದ್ದರು.

‘ಯಾವ್ ಪಿಕ್ಚರ್ರವ್ವ?’

‘ಅದೇ, ತಾಯಿ ಪಿಕ್ಚರ್ರು. ಇಸ್ತ್ರಿ ಮಾಡ್ತನಲ್ಲ, ಅದು.’

ತಾಯಿ ಪಿಕ್ಚರ್! ನಮ್ಮೂರಿನಲ್ಲಿ ಅದನ್ನು ರಕ್ತದ ಪಿಕ್ಚರ್ ಎನ್ನುತ್ತಿದ್ದರು. ಮಗುವನ್ನು ಕರೆದುಕೊಂಡು ಹೋಗುವುದಿರಲಿ, ದೊಡ್ಡವರೇ ಹೋಗಲು ಹೆದರುತ್ತಿದ್ದರು. ನಾನು ತಡೆಯಲಾರದೆ, ‘ಅದರಲ್ಲಿ ತುಂಬಾ ಕೊಲೆ ಇದೆಯಲ್ಲಮ್ಮ?’ ಎಂದೆ.

ಮಗುವಿನವಳು ನನ್ನ ಕಡೆ ತಿರುಗಿ, ‘ಅವೆ ಕಣವ್ವ. ಏನ್ ಮಾಡಾದು, ಕಡೇಗಂಟ ಕುಂತ್ಕಬೇಕು. ಕಡೇಲಿ ಒಳ್ಳೇದಾಯ್ತದೆ’ ಎಂದಳು.

ಹುಡುಗನ ಮನೆ ಬಸ್‌ಸ್ಟ್ಯಾಂಡಿನಿಂದ ದೂರವೇನಿರಲಿಲ್ಲ. ಹುಡುಗ ಆಸ್ಪತ್ರೆಗೆ ಹೋಗಿದ್ದ. ತಾಯಿ ಒಬ್ಬರೇ ಜಗಲಿಯ ಮೇಲೆ ಕೂತು ಕಡಲೆಕಾಯಿ ಬಿಡಿಸುತ್ತಿದ್ದರು. ನನ್ನನ್ನು ನೋಡಿ ಮಡಿಲು ಕೊಡವಿ ಎದ್ದರು.

‘ಬನ್ನಿ ಅಕ್ಕಾರೆ. ಒಬ್ರೇ ಬಂದ್ರಾ? ಕುಂತ್ಕಳಿ. ನೀರ್ ಕೊಡ್ತೀನಿ.’

ನೀರು ಕುಡಿದೆ. ಊರಿನ ಬಿಸಿಲು, ದೇವಸ್ಥಾನದ ನೂಕುನುಗ್ಗಲು, ಎಲ್ಲಾ ಮಾತಾಡಿ ಮುಗಿಯಿತು. ಅವರೇ ನನ್ನ ಕಷ್ಟ ನೋಡಲಾರದೆ, ‘ಸಾಲಾವಳಿ ಕೂಡ್ನಿಲ್ವಾ?’ ಎಂದರು.

‘ಹಾಗಲ್ಲ. ಒಂದು ಮಾತು ಕೇಳ್ತೀನಿ, ತಪ್ಪು ತಿಳೀಬೇಡಿ. ನಿಮ್ಮ ಮಗ ಆ ಸಿನಿಮಾ ನೋಡಿದ್ದು ನಿಜಾನಾ?’

ಅವರು ನನ್ನನ್ನೇ ನೋಡಿದರು. ಜಾತಕ, ಮನೆತನ, ಆಸ್ತಿ, ಯಾವುದನ್ನು ಕೇಳಿದ್ದರೂ ಅವರಿಗೆ ಅಷ್ಟು ಆಶ್ಚರ್ಯವಾಗುತ್ತಿರಲಿಲ್ಲ.

‘ನಾನೇ ಓಗಿದ್ನಲ್ಲ ಜೊತೇಲಿ. ಎರಡ್ನೇ ಸಲ ಅವ್ನೇ ಬಲವಂತ ಮಾಡಿ ಕರ್ಕಂಡೋದ, ಬಾ ಅವ್ವ, ನೀನ್ ನೋಡ್ಬೇಕು ಅಂತ. ಯಾಕೆ, ಏನಾಯ್ತು?’

ನಾನು ಎಲ್ಲಾ ಹೇಳಿಬಿಟ್ಟೆ. ಕೊನೆಯಲ್ಲಿ ಅವನು ಸಾಯುತ್ತಾನೆ, ನಾವಿಬ್ಬರೂ ಕಣ್ಣಾರೆ ನೋಡಿದ್ದೇವೆ, ನಿಮ್ಮ ಮಗ ಬದುಕಿಕೊಂಡ ಅಂದರು, ಅದಕ್ಕೇ ನಮ್ಮವರಿಗೆ ಬೇಸರ ಎಂದೆ. ‘ಸುಳ್ಳ’ ಎಂಬ ಮಾತು ಮಾತ್ರ ನುಂಗಿಕೊಂಡೆ. ಆಕೆಗೆ ಅದು ಕೇಳಿಸಿತು. ಮುಖ ಚಿಕ್ಕದಾಯಿತು.

‘ಸಾಯನಿಲ್ವಲ್ಲ ಅಕ್ಕಾರೆ’ ಎಂದರು. ‘ಬಸ್ನಲ್ಲಿ ಓಯ್ತನೆ. ನಾನೂ ನೋಡಿವ್ನಿ.’ ಕಡಲೆಕಾಯಿ ಮೊರವನ್ನು ಒಳಗಿಟ್ಟು, ಸೆರಗು ಹೊದ್ದು ಬಂದರು. ‘ಏಳಿ. ಮ್ಯಾಟ್ನಿಗೆ ಇನ್ನೂ ಒತ್ತು ಅದೆ.’

ಹೀಗೆ ನಾನು ಆ ಸಿನಿಮಾವನ್ನು ಎರಡನೆಯ ಸಲ ನೋಡಿದೆ. ಥಿಯೇಟರ್ ತುಂಬಾ ಹೆಂಗಸರು. ಸೋಸಲೆಯಿಂದ, ಸುತ್ತಮುತ್ತಲ ಊರುಗಳಿಂದ ಬಸ್ಸಿನಲ್ಲಿ ಬಂದವರು. ಕೊಲೆಯ ಸೀನು ಬಂದರೆ ಎಲ್ಲರೂ ಒಟ್ಟಿಗೆ ತಲೆ ಬಗ್ಗಿಸಿ ಎಲೆಅಡಿಕೆ ಚೀಲ ಹುಡುಕುವರು. ಮುಗಿದ ಮೇಲೆ ಯಾರೋ ಒಬ್ಬಳು, ‘ಏಳಿ, ಆಯ್ತು’ ಎನ್ನುವಳು, ಎಲ್ಲರೂ ತಲೆ ಎತ್ತುವರು. ಅವನು ಇಸ್ತ್ರಿಗೆ ನಿಂತರೆ ಹಿಂದಿನಿಂದ, ‘ಬ್ಯಾಡ ಕಣ್ಲಾ ಮಗ, ಓಗ್ಬ್ಯಾಡ’ ಎಂದು ಒಬ್ಬ ಮುದುಕಿ ಬುದ್ಧಿ ಹೇಳುವಳು. ನಾನು ನೋಡಿದ ಬೆಳಕು, ಕೊಳಲು, ಸ್ಟೈಲು ಇಲ್ಲಿ ಯಾರಿಗೂ ಬೇಕಿರಲಿಲ್ಲ. ಇವರು ನೋಡುತ್ತಿದ್ದುದು ಬೇರೆಯದೇ ಸಿನಿಮಾ. ಒಬ್ಬ ಮಗ ದಾರಿ ತಪ್ಪಿದ್ದಾನೆ, ಮನೆಗೆ ಬರುತ್ತಾನೋ ಇಲ್ಲವೋ, ಅಷ್ಟೆ.

ತಾಯಿ ‘ತಿಂದ್ಯಾ ಮಗ?’ ಎಂದಾಗ ಥಿಯೇಟರಿನಲ್ಲಿ ಮೂಗು ಸೀಟುವ ಸದ್ದು. ಬಸ್ಸು ಹೊರಟಿತು. ಸೇತುವೆ ಬಂತು. ಅವನು ಭುಜಕ್ಕೆ ತಲೆಯಿಟ್ಟ. ನಾನು ಕುರ್ಚಿಯ ಕೈ ಬಿಗಿಯಾಗಿ ಹಿಡಿದುಕೊಂಡೆ. ಮುಂದಿನ ಸ್ಟಾಪು, ನಾಲ್ಕು ಜನ, ಎಂದು ಮನಸ್ಸಿನಲ್ಲೇ ಕಾಯುತ್ತಿದ್ದೆ. ಬಸ್ಸು ಸೇತುವೆಯ ಆ ಕೊನೆ ಮುಟ್ಟಿತು.

ದೀಪ ಹತ್ತಿತು. ಜನ ಚಪ್ಪಾಳೆ ಹೊಡೆದು ಎದ್ದರು.

ನಾನು ಏಳಲಿಲ್ಲ. ‘ಇನ್ನೂ ಇದೆ’ ಎಂದೆ.

‘ಇನ್ನೇನದೆ?’ ಎಂದರು ಆಕೆ.

ಬಾಗಿಲಲ್ಲಿ ಟಿಕೆಟ್ ಹರಿಯುವವನನ್ನು ಕೇಳಿದೆ. ಅವನು ಮೊದಲು ಗೊತ್ತಿಲ್ಲ ಎಂದ. ನಾನು ನಂಜನಗೂಡಿನಲ್ಲಿ ಪೂರ್ತಿ ನೋಡಿದ್ದೇನಪ್ಪ ಎಂದ ಮೇಲೆ ದನಿ ತಗ್ಗಿಸಿದ. ‘ಮೊದಲ್ನೇ ದಿನ ಆಕಿದ್ದೊ ಅವ್ವಾರೆ. ಎಂಗುಸ್ರು ಗೋಳೋ ಅಂತ ಅತ್ಬುಟ್ರು, ಗಂಡುಸ್ರು ಕುರ್ಚಿ ಮುರ್ದಾಕ್ಬುಟ್ರು. ಮಾಲೀಕ್ರು ಬಂದು, ಬಸ್ಸು ಓಯ್ತಾ ಇರ್ಲಿ, ಅಲ್ಗೇ ಲೈಟ್ ಆಕ್ಬುಡು ಅಂದ್ರು. ಕಡೇ ರೀಲು ಡಬ್ಬದಲ್ಲೇ ಅದೆ.’

 ನನಗೆ ನಮ್ಮ ಸಿಸ್ಟರ್ ನೆನಪಾದರು. ಒಂದು ರೀಲು ತೆಗೆಸಿದ್ದರೆ ನಾವು ಅಷ್ಟೊಂದು ಪ್ರೇಯರ್ ಮಾಡಬೇಕಾಗಿರಲಿಲ್ಲವಲ್ಲ.

‘ಅಂಗಾರೆ ಸಾಯದು ದಿಟವೇಯ’ ಎಂದರು ಆಕೆ ರಸ್ತೆಗೆ ಬಂದ ಮೇಲೆ.

‘ಹೌದು.’

‘ಎಲ್ಲಿ?’

‘ಬಸ್ಸಿನ ಮೆಟ್ಟಿಲ ಮೇಲೆ.’

ಆಕೆ ಸ್ವಲ್ಪ ದೂರ ನಡೆದು ನಿಂತರು. ‘ಸಾಯ್ಲಿ ಬುಡಿ, ಅದು ನಿಮ್ಮೂರಲ್ಲಿ. ನಮ್ಮೂರಲ್ಲಿ ಬದುಕವ್ನೆ’ ಎಂದರು. ಮುಖಕ್ಕೆ ಬಣ್ಣ ಬಂದಿತ್ತು. ‘ನನ್ ಮಗ ಸುಳ್ಳ ಅಲ್ಲ ತಾನೆ? ಅಷ್ಟು ಏಳಿ ನಿಮ್ಮ ಯಜಮಾನ್ರಿಗೆ. ಆಮೇಲಿಂದು ನಿಮ್ಮಿಷ್ಟ.’

ಹೇಳಿದೆ. ರಾತ್ರಿ ಊಟಕ್ಕೆ ಬಡಿಸುತ್ತಾ ಮೊದಲಿನಿಂದ ಕೊನೆಯವರೆಗೆ ಹೇಳಿದೆ. ನಮ್ಮವರು ತುತ್ತು ಕೈಯಲ್ಲಿ ಹಿಡಿದೇ ಕೇಳಿದರು. ‘ಒಂದು ರೀಲು ಬಿಟ್ಟು ಯಾರಾದ್ರೂ ಸಿನಿಮಾ ತೋರಿಸ್ತಾರಾ? ನೀನೂ ಅವರ ಜೊತೆ ಸೇರ್ಕೊಂಡ್ಯಾ?’ ಎಂದರು.

‘ಹೌದು, ನಾನೂ ಸುಳ್ಳಿ. ಮಜ್ಜಿಗೆ ಹಾಕ್ಲಾ?’ ಎಂದೆ.

ಮಗಳು ಸೊಪ್ಪಿನ ಪಲ್ಯದ ಪಾತ್ರೆ ಮುಚ್ಚುತ್ತಾ, ‘ಅಪ್ಪ, ನೀವೇ ಹೋಗಿ ನೋಡಿ ಬನ್ನಿ. ತೂಬು ಒಡೆದಿದೆ ಅಂತ ಯಾರಾದ್ರೂ ಹೇಳಿದ್ರೆ ಹೋಗಿ ನೋಡದೆ ನಂಬ್ತಿದ್ರಾ?’ ಎಂದಳು. ಆ ಸಿಪ್ಪೆಯ ಮಾತಾದ ಮೇಲೆ ಅವಳು ಆ ವಿಷಯಕ್ಕೆ ಆಡಿದ ಒಂದೇ ಮಾತು ಅದು.  ಅವರು ಮಗಳ ಮುಖ ನೋಡಿ, ಮಜ್ಜಿಗೆಗೆ ತಟ್ಟೆ ಮುಂದೆ ಮಾಡಿದರು.

ಮಾರನೆಯ ದಿನ ಬೆಳಗ್ಗೆ ತಿಂಡಿ ತಿಂದು ಛತ್ರಿ ತೆಗೆದುಕೊಂಡರು. ‘ಸ್ವಲ್ಪ ಕೆಲಸ ಇದೆ’ ಎಂದರು. ನಾವು ಯಾವ ಕೆಲಸ ಎಂದು ಕೇಳಲಿಲ್ಲ.

ಸಂಜೆ ದೀಪ ಹಚ್ಚುವ ಹೊತ್ತಿಗೆ ಬಂದರು. ಕಾಲು ತೊಳೆದು, ಕುರ್ಚಿಯಲ್ಲಿ ಕೂತು, ಕನ್ನಡಕ ಒರೆಸಿದರು.

‘ಬಸ್ಸು ಸೇತುವೆ ದಾಟ್ತು. ಲೈಟ್ ಹಾಕಿದ್ರು’ ಎಂದರು.

ಮಗಳು ಅಡುಗೆಮನೆಯಲ್ಲಿ ಏನನ್ನೋ ಕೈಬಿಟ್ಟಳು.

‘ಅವನ ಆಸ್ಪತ್ರೆಗೂ ಹೋಗಿದ್ದೆ. ಎಮ್ಮೆಗೆ ಇಂಜೆಕ್ಷನ್ ಕೊಡ್ತಿದ್ದ. ಕೊಡೋ ಮುಂಚೆ ಅದರ ಕಿವಿ ಹತ್ರ ಏನೋ ಮಾತಾಡ್ತಾನೆ ಕಣೇ. ಕೈ ತೊಳ್ಕೊಂಡು ಬಂದು ಕಾಫಿ ಕೊಡಿಸ್ದ. ಸಿನಿಮಾ ನೋಡ್ಕೊಂಡ್ ಬಂದೆ ಅಂದೆ. ಕೊನೆ ಚೆನ್ನಾಗಿದೆ ಅಲ್ವಾ ಸಾರ್ ಅಂದ.’

‘ಹೇಳಿದ್ರಾ?’

‘ಏನನ್ನ?’

‘ಆಮೇಲೆ ಸಾಯ್ತಾನೆ ಅಂತ.’

ಎದ್ದು ಛತ್ರಿಯನ್ನು ಮೊಳೆಗೆ ನೇತುಹಾಕಿದರು. ‘ಬಾಯಿ ತುದೀಗೆ ಬಂದಿತ್ತು. ಮುಖ ನೋಡಿ ಹೇಳೋಕಾಗ್ಲಿಲ್ಲ. ಹೌದಪ್ಪ, ಚೆನ್ನಾಗಿದೆ ಅಂದೆ. ನೀನೂ ಹೇಳ್ಬೇಡ. ಅವನ ತಾಯಿಗೂ ಹೇಳು, ಹೇಳೋದು ಬೇಡ ಅಂತ. ಅದು ಹಾಗೇ ಇರ್ಲಿ.’

ನನ್ನ ಗಂಡ ಸುಳ್ಳಿಗೆ ‘ಇರ್ಲಿ’ ಎಂದದ್ದನ್ನು ನಾನು ಕೇಳಿದ್ದು ಅದೇ ಮೊದಲು. ಮಾರನೆಯ ದಿನ ಕವಲಂದೆಗೆ ಅವರೇ ಫೋನು ಮಾಡಿ, ಸಾಲಾವಳಿ ಕೂಡಿತು ಎಂದರು.

ಮದುವೆ ಆಯಿತು. ನರಸೀಪುರದ ಆಕೆ ನನಗೆ ಬೀಗಿತ್ತಿಯಾದರು. ಇಬ್ಬರೂ ಸೇರಿದಾಗಲೆಲ್ಲ ಒಂದು ಮ್ಯಾಟ್ನಿ ನಮ್ಮ ರೂಢಿಯಾಯಿತು. ಮುಗಿದಾಗ ಆಕೆ, ‘ಬೀಗ್ತೇರೆ, ಪೂರ್ತಿ ತೋರ್ಸುದ್ರಾ ಇಲ್ಲ ಇನ್ನೂ ಅದಾ?’ ಎಂದು ಚುಚ್ಚದೆ ಏಳುತ್ತಿರಲಿಲ್ಲ. ಅಳಿಯ ಬಂದಾಗ ಎಂದಾದರೂ ಆ ಸಿನಿಮಾದ ಮಾತು ಬಂದರೆ, ‘ಬದುಕ್ಕೊಂಡ್ನಲ್ಲ ಮಾವ, ಅದೇ ಸಂತೋಷ’ ಎನ್ನುತ್ತಿದ್ದ. ನಮ್ಮವರು ಪೇಪರಿನಿಂದ ತಲೆ ಎತ್ತದೆ, ‘ಹೌದು ಡಾಕ್ಟ್ರೇ, ಹೌದು’ ಎನ್ನುತ್ತಿದ್ದರು. ನಾನು ಒಳಗೆ ಎದ್ದುಹೋಗುತ್ತಿದ್ದೆ.

ಹಲವು ವರ್ಷ ಕಳೆದವು. ಟಿವಿಯಲ್ಲಿ ದಿನವಿಡೀ ಸಿನಿಮಾ ಬರುವ ಕಾಲ ಬಂತು. ಒಂದು ಭಾನುವಾರ, ಅವರೆಕಾಯಿ ದಿನಗಳು, ಮಗಳು ಅಳಿಯ ಬಂದಿದ್ದರು. ಹಿತಕಿದಬೇಳೆ ಮಾಡೋಣವೆಂದು ಎಲ್ಲರೂ ಕೆಳಗೆ ಕೂತು ನೆನೆಹಾಕಿದ ಅವರೆಕಾಳು ಹಿತುಕುತ್ತಿದ್ದೆವು. ಟಿವಿ ತನ್ನ ಪಾಡಿಗೆ ಓಡುತ್ತಿತ್ತು. ನಮ್ಮವರು ಕುರ್ಚಿಯಲ್ಲಿ. ತಿರುಗಿ ನೋಡಿದರೆ, ಅದೇ ಸಿನಿಮಾ. ಅದೇ ಬೆಳಗಿನ ಜಾವ, ‘ತಿಂದ್ಯಾ ಮಗ?’ ಬಸ್ಸು ಹೊರಟಿತು.

ನಮ್ಮವರು ಗಡಿಬಿಡಿಯಿಂದ ರಿಮೋಟ್ ಹುಡುಕಿದರು. ‘ಮುಗೀತಲ್ಲ, ನ್ಯೂಸ್ ನೋಡೋಣ’ ಎಂದರು.

‘ಇರ್ಲಿ ಬಿಡಿ ಮಾವ’ ಎಂದ ಅಳಿಯ, ಕೈಯಲ್ಲಿದ್ದ ಕಾಳು ಹಿತುಕುತ್ತಾ. ‘ಇನ್ನೂ ಮುಗಿದಿಲ್ಲ. ಮುಂದಿನ ಸ್ಟಾಪಲ್ಲಿ ಅವರು ಹತ್ಕೋತಾರೆ.’

ನಮ್ಮವರ ಕೈ ಹಾಗೇ ನಿಂತಿತು. ‘ಯಾರು ಹೇಳಿದ್ದು?’

ಅವನು ಹೆಂಡತಿಯ ಕಡೆ ನೋಡಿದ. ಮಗಳು ತಲೆ ಎತ್ತದೆ, ‘ನಾನೇ. ಮದುವೆಗೆ ಮುಂಚೇನೇ ಹೇಳ್ದೆ’ ಎಂದಳು.

‘ಮತ್ತೆ ಇಷ್ಟು ವರ್ಷ ಬಂದಾಗೆಲ್ಲ ಬದುಕ್ಕೊಂಡ, ಬದುಕ್ಕೊಂಡ ಅಂತಿದ್ರಲ್ಲ ಡಾಕ್ಟ್ರೇ?’

‘ನಿಮಗೆ ಹಾಗಂದ್ರೆ ಸಮಾಧಾನ ಅಂತ ಇವಳು ಹೇಳಿದ್ಲು. ಸತ್ತಾಗ ನೀವು ಅತ್ತಿದ್ರಂತೆ.’

‘ಬೆವರು ಅದು’ ಎಂದರು ನಮ್ಮವರು. ಆಮೇಲೆ ನನ್ನ ಕಡೆ ತಿರುಗಿ, ಬಹಳ ಗಂಭೀರವಾಗಿ, ‘ನೋಡು. ಮೊದಲ್ನೇ ದಿನ ನಾನೇನು ಹೇಳಿದ್ದೆ? ಹುಡುಗ ಸುಳ್ಳ’ ಎಂದರು.

‘ಸಾಲಾವಳಿ ಕೂಡ್ಲಿಲ್ಲ ಅಂದೋರು ಯಾರು ಮಾವ?’ ಎಂದ ಅಳಿಯ.

ಅದೂ ಗೊತ್ತಿತ್ತು ಅವನಿಗೆ. ನಮ್ಮವರು ನಕ್ಕರು. ಹೊಟ್ಟೆ ಹಿಡಿದುಕೊಂಡು, ಕೆಮ್ಮು ಬರುವವರೆಗೆ ನಕ್ಕರು. ಮಗಳು ನೀರು ತರಲು ಎದ್ದವಳು ಅವರೆಸಿಪ್ಪೆ ತುಳಿದು ಜಾರಿ, ಅಳಿಯ ಅವಳನ್ನು ಹಿಡಿಯಲು ಹೋಗಿ ಕಾಳಿನ ಪಾತ್ರೆಯೇ ಉರುಳಿತು. ಕಾಳುಗಳು ಮಂಚದ ಕೆಳಗೆಲ್ಲ ಹೋದವು. ನಮ್ಮವರು ತೀರಿಹೋಗಿ ಈಗ ಕೆಲವು ವರ್ಷಗಳಾದವು. ಅವರ ನಗು ಎಂದರೆ ನನಗೆ ಕಿವಿಯಲ್ಲಿರುವುದು ಆವತ್ತಿನದೇ.

ಆ ಗಲಾಟೆಯಲ್ಲಿ ಟಿವಿಯ ಕಡೆ ಯಾರೂ ನೋಡಲಿಲ್ಲ. ಕಾಳು ಆಯ್ದುಕೊಂಡು ನಾನು ತಲೆ ಎತ್ತಿದಾಗ ಬಟ್ಟೆ ಸೋಪಿನ ಜಾಹೀರಾತು ಬರುತ್ತಿತ್ತು. ಯಾರೋ ಒಬ್ಬಳು ತಂತಿಯ ಮೇಲೆ ಬಿಳೀ ಅಂಗಿ ಒಣಹಾಕುತ್ತಿದ್ದಳು.